ಗೀರು ಬಿದ್ದ ಹಲಗೆ

ಸೇಲಂ ಮ್ಯೂಸಿಯಂನ ಗೋಡೆ ಮೇಲೆ ನನ್ನ ಮುಖ ಇತ್ತು.

ತಮಾಷೆಗೆ ಹೇಳುತ್ತಿಲ್ಲ. ಬೆಟ್ಟದ ಸೋಲಿಗ ಕಲಾವಿದರು ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಅಚ್ಚುಚಿತ್ರಗಳ ಪ್ರದರ್ಶನ ಅದು. ಒಂದು ಕಡೆ ಆನೆ, ಒಂದು ಕಡೆ ಜೇನು ಕೀಳುವವರು, ನಡುವೆ ಮಗ್ಗದ ಮುಂದೆ ಬಗ್ಗಿ ಕೂತ ನಾನು! ಮೂಗುಬೊಟ್ಟು, ಕಿವಿ ಹಿಂದೆ ಸಿಕ್ಕಿಸಿದ ಕೂದಲು, ಹಲ್ಲಲ್ಲಿ ಕಚ್ಚಿದ ನೂಲು, ಒಂದನ್ನೂ ಬಿಟ್ಟಿರಲಿಲ್ಲ ಮಹರಾಯ. ಕಾಲೇಜು ಹುಡುಗಿಯರಿಬ್ಬರು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಗುಸುಗುಸು ಅಂದರು. ನಾನು ಮೂಗುಬೊಟ್ಟನ್ನು ಕೈಯಲ್ಲಿ ಮುಚ್ಚಿಕೊಂಡೆ. ನಾಚಿಕೆಯೋ ಖುಷಿಯೋ, ಎರಡೂ ಇದ್ದಿರಬೇಕು.

ಮಾದೇಶನ ಕೆಲಸ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಹೋದ ವರ್ಷ ಇದೇ ಕಟ್ಟಡದಲ್ಲಿ ಹತ್ತು ದಿನ ಕೈಕಸುಬಿನವರ ಕ್ಯಾಂಪ್ ಇತ್ತು. ಸೇಲಂ ಸುತ್ತಿನ ಕನ್ನಡ ನೇಕಾರರ ಮನೆಯವಳು ನಾನು, ಮಗ್ಗ ತೋರಿಸಲು ಬಂದಿದ್ದೆ. ಅವನು ಮೆಟ್ಟೂರಿನಾಚೆಯ ಬೆಟ್ಟದಿಂದ ಉಳಿ, ಮರದ ಹಲಗೆ ಹೊತ್ತು ಬಂದಿದ್ದ. ನಮ್ಮ ಮನೆಯಲ್ಲಿ ಸೀರೆಯ ಒಳಮೈ ಮೇಲಿರುವಂತೆ ನೇಯುತ್ತೇವೆ. ಹೊರಮೈ ಹೇಗೆ ಬಂದಿದೆ ಅಂತ ನೋಡಲು ಕೆಳಗೆ ಕನ್ನಡಿ ಹಿಡಿಯಬೇಕು. ನನ್ನ ಕನ್ನಡಿ ನೋಡಿ ಅವನು ನಕ್ಕಿದ್ದ.

"ನೀನೂ ನನ್ನಂಗೆ ಉಲ್ಟಾ ಕೆಲ್ಸದೋಳಾ? ನಾನೂ ಎಲ್ಲಾ ಹಿಂದುಮುಂದಾಗೇ ಕೆತ್ತದು."

"ಅಯ್ಯೋ, ಕನ್ನಡ ಬತ್ತದಾ ನಿಂಗೆ?"

"ನಮ್ ಬೆಟ್ಟದಾಗೆ ಇನ್ನೇನು, ಇಂಗ್ಲಿಷ್ ಮಾತಾಡ್ತಾರಾ?"

ಕೊನೆಯ ದಿನ, "ನಿನ್ ಮುಖ ಕೆತ್ಲಾ?" ಅಂತ ಕೇಳಿದ. "ಕೆತ್ಕೋ, ಯಾರು ನೋಡ್ತಾರೆ" ಅಂದಿದ್ದೆ. ಆಮೇಲೆ ಒಂದು ವರ್ಷ ಬರೀ ಫೋನ್. ಹೋದ ತಿಂಗಳು ಮದುವೆ ಆಗ್ತೀಯಾ ಅಂತ ಕೇಳಿದಾಗ, "ಎಕ್ಸಿಬಿಷನ್‌ಗೆ ಬಂದು ಎದುರಿಗೇ ಹೇಳ್ತೀನಿ, ಅಲ್ಲೀವರ್ಗೂ ಕಾದಿರು" ಅಂತ ಸತಾಯಿಸಿದ್ದೆ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಮಗ್ಗ ನಿಲ್ಲಿಸಿದ.

"ನಿನ್ನ ತಮ್ಮ ಹುಡ್ಗನಿಗೆ ಕೇಳಿರೋ ಇಳಂಪಿಳ್ಳೈನೋರು ಇವತ್ತು ಫೋನ್ ಮಾಡ್ತಾರೆ. ಆ ಹುಡ್ಗ ನನ್ ಮುಂದೆ ಬಂದು ನಿಂತು, ನೀನು ಬೇಕು ಅಂತ ಅವನ ಬಾಯಲ್ಲೇ ಹೇಳ್ಲಿ. ಇಲ್ಲಾಂದ್ರೆ ಅವ್ರಿಗೆ ಸರಿ ಅಂದ್ಬಿಡ್ತೀನಿ."

ಅಷ್ಟು ಹೇಳಿ ನನ್ನ ಜೊತೆಗೇ ಬಸ್ಸು ಹತ್ತಿದ್ದ. ಈಗ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ.

ಖುಷಿಯಲ್ಲೇ ಪಕ್ಕದ ಗಾಜಿನ ಪೆಟ್ಟಿಗೆ ನೋಡಿದೆ. ಒಳಗೆ ಆ ಚಿತ್ರದ ಹಲಗೆ ಇತ್ತು, ಅವನು ಕೆತ್ತಿದ ನನ್ನದೇ ಮುಖ. ಹಣೆಯಿಂದ ಗಲ್ಲದವರೆಗೆ ಅಡ್ಡಡ್ಡ ಗೀರು ಎಳೆದಿದ್ದ.

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಮೇಲೆ ತೂಗುವ ತೂತಿನ ರಟ್ಟುಗಳಲ್ಲೇ ಸೀರೆಯ ಡಿಸೈನ್ ಇರುತ್ತದೆ. ಒಂದು ಡಿಸೈನ್ ಬೇಡವಾದರೆ ಅಪ್ಪ ಆ ರಟ್ಟುಗಳನ್ನು ಅಡ್ಡಕ್ಕೆ ಕುಯ್ದು ಮೂಲೆಗೆ ಎಸೆಯುತ್ತಾನೆ. ಕುಯ್ದದ್ದು ಮತ್ತೆ ಮಗ್ಗ ಹತ್ತುವುದಿಲ್ಲ.

ಕಾಯಿಸಿ ಕಾಯಿಸಿ ನಾನೇ ಕೆಡಿಸಿಕೊಂಡೆ. ಅವನಿಗೆ ನಾನು ಬೇಡವಾಗಿದ್ದೇನೆ, ಅದನ್ನು ಊರಿಗೆಲ್ಲ ಕಾಣುವಂತೆ ಗಾಜಿನೊಳಗೆ ಇಟ್ಟಿದ್ದಾನೆ.

"ಮೇನಕಾ!"

ತಿರುಗಿದರೆ ಮಾದೇಶ. ಎರಡು ಕೈಯಲ್ಲಿ ಎರಡು ಪೇಪರ್ ಕಪ್ ಟೀ. ಮೊದಲು ನನ್ನ ಕಣ್ಣು ನೋಡಿದ, ಆಮೇಲೆ ಮೂಗುಬೊಟ್ಟು, ಆಮೇಲೆ ಗೋಡೆಯ ಚಿತ್ರ. ಸರಿಯಾಗಿ ಬಂದಿದೆಯಾ ಅಂತ ತಾಳೆ ನೋಡುತ್ತಿದ್ದ, ಕಳ್ಳ.

"ನಗಬೇಡ," ಅಂದೆ. "ಬೇಡಾಂದ್ರೆ ಫೋನಲ್ಲೇ ಹೇಳಬಹುದಿತ್ತು. ಮುಖಕ್ಕೆ ಗೀರು ಎಳೆದು ಯಾಕೆ ಇಟ್ಟೆ?"

ಅವನ ನಗು ನಿಂತಿತು. "ಯಾರು ಬೇಡ ಅಂದೋರು?"

"ಈ ಹಲಗೆ!"

"ಅಯ್ಯೋ ಶಿವನೇ! ನಮ್ ಕೆಲ್ಸದಾಗೆ ಅದು ಮಾತು ಕೊಟ್ಟಂಗೆ. ಬೇಕಾದಷ್ಟು ಅಚ್ಚು ತೆಗೆದ ಮ್ಯಾಲೆ ಹಲಗೆಗೆ ಗೀರು ಹಾಕ್ತೀವಿ. ಇನ್ಯಾರೂ ಒಂದನ್ನೂ ಒತ್ತಬಾರ್ದು ಅಂತ."

"ಎಷ್ಟು ತೆಗೆದೆ?"

ಚಿತ್ರದ ಕೆಳಗೆ ಕಣ್ಣಲ್ಲೇ ತೋರಿಸಿದ. ಆನೆಯ ಕೆಳಗೆ ಪೆನ್ಸಿಲಿನಲ್ಲಿ ಇಪ್ಪತ್ತರಲ್ಲಿ ಮೂರನೆಯದು ಅಂತಿತ್ತು. ನನ್ನ ಕೆಳಗೆ ಒಂದರಲ್ಲಿ ಒಂದು.

"ಆನೇನ ಇಪ್ಪತ್ತು ಜನಕ್ಕೆ ಮಾರ್ತೀನಿ," ಅಂದ ಮೆಲ್ಲಗೆ. "ನಿನ್ನ ಮಾರಕಾಯ್ತದಾ?"

ಅಷ್ಟರಲ್ಲಿ ಬೆನ್ನ ಹಿಂದೆ ಹಾಲ್ ಇಡೀ ತಿರುಗುವಂತೆ ಒಂದು ದನಿ ಗುಡುಗಿತು.

"ನನ್ ಮಗಳನ್ನ ಕುಯ್ದಾಕಿದೋನು ಯಾವನ್ಲಾ?"

ಅಪ್ಪ. ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದ. ಆ ಹುಡುಗ ಬೇಡ ಅಂದರೆ ಸಾಕು ಅಂತ ಬಂದಿದ್ದ ಮನುಷ್ಯ, ಈಗ ಬೇಡ ಅಂದುಬಿಟ್ಟನಲ್ಲ ಅಂತ ಉರಿದುಬಿದ್ದಿದ್ದ.

ಮಾದೇಶ ಟೀ ಕಪ್ಪುಗಳ ಸಮೇತ ಹೋಗಿ ಅಪ್ಪನ ಎದುರಿಗೇ ನಿಂತ.

"ನಾನೇ ಅಯ್ಯಾ. ಆದ್ರೆ ಬೇಡಾಂತ ಅಲ್ಲ. ಒಂದೇ ಒತ್ತಿ, ಇನ್ನು ಸಾಕು ಅಂತ ಗೀರಿದ್ದು. ನಂಗೆ ಇವ್ಳೇ ಬೇಕು."

ಅಪ್ಪ ಗೋಡೆ ನೋಡಿದ, ಹಲಗೆ ನೋಡಿದ.

"ಇನ್ನೊಂದು ತೆಗೆಯಕ್ಕಾಗಲ್ವಾ?"

"ಆಗಲ್ಲ ಅಯ್ಯಾ. ಕೇಳ್ದ್ರೂ ಆಗಲ್ಲ."

ನಲವತ್ತು ವರ್ಷದಿಂದ ಒಂದೊಂದು ಡಿಸೈನನ್ನು ನೂರಾರು ಸೀರೆಗೆ ನೇಯ್ದ ಅಪ್ಪ ಚಿತ್ರದ ಹತ್ತಿರ ಹೋಗಿ, ಹಲ್ಲಲ್ಲಿ ಕಚ್ಚಿದ ನೂಲಿನವರೆಗೂ ಬಗ್ಗಿ ನೋಡಿದ. ಆಗ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಇಳಂಪಿಳ್ಳೈನವರು.

"ವಣಕ್ಕಂ... ತಪ್ಪು ತಿಳ್ಕೋಬೇಡಿ," ಅಂದ ಅಪ್ಪ, ಚಿತ್ರದಿಂದ ಕಣ್ಣು ತೆಗೆಯದೆ. "ನಮ್ ಹುಡ್ಗಿ ಬೇರೆ ಕಡೆ ಒಪ್ಕೊಂಡವ್ಳೆ."

ಮಾದೇಶ ತಟ್ಟನೆ ನನ್ನ ಕಡೆ ತಿರುಗಿದ. ಬಾಯಿ ತೆರೆದೇ ಇತ್ತು. ಆಗ ಹೊಳೆಯಿತು, ಈ ಗಲಾಟೆಯಲ್ಲಿ ಅವನಿಗೆ ನಾನಿನ್ನೂ ಉತ್ತರವನ್ನೇ ಹೇಳಿರಲಿಲ್ಲ.

"ಒಪ್ಕೊಂಡವ್ಳಾ?" ಅಂದ.

ಬೆಳಗಿನಿಂದ ಬೆಚ್ಚಿ ಬೆಚ್ಚಿ ಸಾಕಾಗಿತ್ತು ನನಗೆ. ಈಗ ಅವನ ಸರದಿ.

"ಹೂಂ," ಅಂದೆ. "ಟೀ ಚೆಲ್ತಾ ಐತೆ, ನೋಡ್ಕೋ."