ರಾಯಾಪುರ ದಾಟಿದ ಆಟ

"ಇದು ರಿಪೇರಿ ಆಗ್ತೈತೇನ್ರಿ?"

ಆ ಬಹುವಚನ ತನ್ನ ಬಾಯಿಂದ ಹೊರಬಿದ್ದ ಕ್ಷಣವೇ ದಾಕ್ಷಾಯಿಣಿಗೆ ಎದೆಯೊಳಗೆ ಏನೋ ಚುಚ್ಚಿದಂತಾಯಿತು. ಈ ಮನುಷ್ಯನನ್ನು ಅವಳು ಎಂದೂ ಹಾಗೆ ಮಾತನಾಡಿಸಿದವಳಲ್ಲ.

ಮಾಲತೇಶ ತಲೆ ಎತ್ತಿದ. ಬೆಸುಗೆ ಹಾಕುತ್ತಿದ್ದ ಕಡ್ಡಿಯಿಂದ ಎದ್ದ ಹೊಗೆಯ ಸಣ್ಣ ಎಳೆ ಇಬ್ಬರ ನಡುವೆ ಅಲುಗಾಡಿ ಕರಗಿತು. ಅವನ ಕಿವಿಯ ಮೇಲಿನ ಕೂದಲು ನರೆತಿತ್ತು. ಕಣ್ಣುಗಳು ಮಾತ್ರ ಅವೇ... ಮಾತಿಗಿಂತ ಮೊದಲು ಹಿಂದೆ ಸರಿಯುವ ಕಣ್ಣುಗಳು.

"ತೋರಸ್ರಿ," ಎಂದ ಅವನೂ, ಅದೇ ಬಹುವಚನದಲ್ಲಿ.

ಅವಳು ಕರವಸ್ತ್ರ ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟಳು. ಅಂಗೈಯಗಲದ ವಿಡಿಯೋ ಗೇಮ್. ಬೆನ್ನಿಗೆ ಸಿಕ್ಕಿಸಿದ್ದ ಕ್ಯಾಸೆಟ್ಟಿನ ಮೇಲೆ, ನೀಲಿ ಬಟ್ಟೆಯನ್ನು ಹೆಗಲ ಹಿಂದೆ ಹಾರಿಸುತ್ತ ಮೋಡಗಳ ನಡುವೆ ತೇಲುವ ಸೂಪರ್‌ಹೀರೋ. ಮೋಡಗಳ ಬಣ್ಣ ಮಾಸಿಹೋಗಿತ್ತು.

ಮಾಲತೇಶನ ಬೆರಳು ಆ ಚಿತ್ರದ ಮೇಲೆ ಬಹಳ ಹೊತ್ತು ನಿಂತಿತು.

"ಇನ್ನೂ ಇಟ್ಕೊಂಡೀರಿ?"

"ತಿರುಗಿ ಕೊಡಬೇಕಂತ ಬಂದೇನಿ. ಕೆಟ್ಟದ್ದನ್ನ ಹೆಂಗ ಕೊಡೂದು..."

ಅದು ಅರ್ಧ ಸತ್ಯ. ಸಂಜೆಯೊಳಗೆ ಅವಳು ಕಾಕಾ ಶಂಭುಲಿಂಗನಿಗೆ ಉತ್ತರ ಹೇಳಬೇಕಿತ್ತು. ಅಮ್ಮಿನಬಾವಿಯ ಸಂಬಂಧ, ಹೆಂಡತಿಯನ್ನು ಕಳೆದುಕೊಂಡ ಸಭ್ಯ ಗೃಹಸ್ಥ. ಹೂಂ ಎನ್ನುವ ಮೊದಲು ಈ ವಸ್ತು ಮನೆಯಿಂದಾಚೆ ಹೋಗಬೇಕೆಂದು ತನಗೆ ತಾನೇ ಹೇಳಿಕೊಂಡು ಧಾರವಾಡದಿಂದ ಬಸ್ಸು ಹತ್ತಿದ್ದಳು. ಮಾಲತೇಶ ಬೆಳಗಾವಿಯಿಂದ ಮರಳಿ ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಹಾಕಿದ್ದಾನೆ, ಇನ್ನೂ ಒಬ್ಬನೇ ಇದ್ದಾನೆ ಎಂದು ಗೆಳತಿಯೊಬ್ಬಳು ಹೇಳಿದ್ದಳಲ್ಲ... ಅದನ್ನು ಮಾತ್ರ ತನಗೆ ತಾನು ಹೇಳಿಕೊಂಡಿರಲಿಲ್ಲ.

ಅವನು ಹಿಂಬದಿಯ ಮುಚ್ಚಳ ತೆಗೆದ.

"ಸೆಲ್ಲು ಸೋರಿ ಕಿಲುಬು ಹಿಡದೈತ್ರಿ. ಆಡೂದು ಬಿಟ್ಟ ಮ್ಯಾಲ ಸೆಲ್ಲು ತಗದ ಇಡಬೇಕಿತ್ತು."

"ಯಾರೂ ಹೇಳ್ಲಿಲ್ಲ."

"ನೀವೂ ಕೇಳಾಕ ಬರ್ಲಿಲ್ಲ."

ಅವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಿಲುಬು ಒರೆಸತೊಡಗಿದ. ಆ ಘಾಟಿನಲ್ಲಿ ದಾಕ್ಷಾಯಿಣಿಗೆ ಹಳೆಯ ಬೆಳಗುಗಳು ಒಂದೊಂದಾಗಿ ಬಣ್ಣ ತುಂಬಿಕೊಂಡವು.

ಆಗ ಅವರಿಬ್ಬರೂ ದಿನಾಲು ಹುಬ್ಬಳ್ಳಿಯಿಂದ ಧಾರವಾಡದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ತರಗತಿಯವರೆಲ್ಲ ಸೇರಿ ನೋಡಿದ ಸೂಪರ್‌ಹೀರೋ ಸಿನಿಮಾದ ಗುಂಗು ಅವಳಿಗೆ ಹಲವು ದಿನ ಬಿಟ್ಟಿರಲಿಲ್ಲ. ಆ ನಾಯಕ ನಗರದ ಮೇಲೆ ಹಾರುವ ದೃಶ್ಯವನ್ನು ಅವಳು ಹೇಳಿದ್ದೇ ಹೇಳಿದ್ದು. ಕೇಳಿ ಕೇಳಿ ಮಾಲತೇಶ ಆ ಸಿನಿಮಾದ ಆಟವನ್ನೇ ಹುಡುಕಿ ತಂದಿದ್ದ.

ಆಟ ಶುರುವಾದ ಮೇಲೆ ತಿಳಿಯಿತು, ಅದರೊಳಗಿನ ನಾಯಕ ಹಾರುವುದೇ ಇಲ್ಲ. ಓಡುತ್ತಾನೆ, ಕುಪ್ಪಳಿಸುತ್ತಾನೆ, ಹಳ್ಳಕ್ಕೆ ಬಿದ್ದು ಸಾಯುತ್ತಾನೆ. ಮೇಲಿನ ಆಕಾಶವೆಂಬುದು ಬರೀ ಬಳಿದಿಟ್ಟ ನೀಲಿ.

"ಹಾರಂಗಿಲ್ಲೇನು ಇಂವಾ?" ಎಂದು ಅವಳು ಮುಖ ಸಣ್ಣದು ಮಾಡಿದ್ದಳು.

"ನಮ್ಮ ಜೋಡಿ ಬಸ್ಸಿನ್ಯಾಗ ಹೊಂಟಾನಲ್ಲ, ಯಾಕ ಹಾರ್ತಾನ?"

ಯಂತ್ರ ಆರಿಸಿದರೆ ಆಡಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದಲೇ ತೊಡಗಬೇಕಾದ ಆಟ. ಆದರೂ ದಿನಾಲು ಆಡಿದರು. ಕೊಟ್ಟ ಜೀವಗಳೆಲ್ಲ ಮುಗಿದರೆ ಇನ್ನೊಬ್ಬರ ಪಾಳಿ ಎಂಬುದು ಒಪ್ಪಂದ. ಮೊದಲ ಪಾಳಿ ಮಾಲತೇಶನದು. ದಾರಿಯ ನಡುವಿನ ರಾಯಾಪುರ ಬರುವಷ್ಟರಲ್ಲಿ ಅವನ ನಾಯಕ ತಪ್ಪದೇ ಸತ್ತಿರುತ್ತಿದ್ದ. ಅಲ್ಲಿಂದ ಧಾರವಾಡದವರೆಗೆ ಆಟವೆಲ್ಲ ಅವಳದೇ.

"ಇಷ್ಟ ಲಗೂ ಸತ್ತಿ? ನಿನ್ನ ಕೈಯಾಗ ಜೀವಾ ಕೊಟ್ರ ಮುಗೀತು ನೋಡು," ಎಂದು ಅವಳು ಕಾಡುತ್ತಿದ್ದಳು. ಅವನು ನಗುತ್ತಿದ್ದ, ಅಷ್ಟೇ.

ಒಂದು ಬೆಳಗ್ಗೆ ಅದೇ ಬಸ್ಸಿನಲ್ಲಿ ಅವಳು ಹೇಳಿದ್ದಳು: "ಅಪ್ಪಾ ವರಾ ನೋಡಾಕತ್ತಾರ."

'ನಾನು ಬಂದು ಕೇಳುತ್ತೇನೆ' ಎನ್ನುತ್ತಾನೆಂದು ಕಾದಳು. ಅವನು ಕಿಟಕಿಯಾಚೆ ನೋಡುತ್ತ, "ನಿನಗ ಛಲೋ ಅನ್ನಿಸಿದ್ದ ಮಾಡು ದಾಕ್ಷಾ. ನಾ ಅಡ್ಡ ಬರಂಗಿಲ್ಲ," ಎಂದ.

"ನೀ ಯಾವುದನ್ನೂ ಹಿಡಕೊಂಡು ನಿಲ್ಲಾವಲ್ಲ ಮಾಲತೇಶ. ಆಟದಾಗೂ ಅಷ್ಟ, ಜೀವನದಾಗೂ ಅಷ್ಟ."

ರಾಯಾಪುರದಲ್ಲಿ ಅವಳು ಇಳಿದುಬಿಟ್ಟಳು. ಆಟದ ಯಂತ್ರ ಅವಳ ಕೈಯಲ್ಲೇ ಉಳಿಯಿತು.

ಅಪ್ಪ ನೋಡಿದ ಆ ಸಂಬಂಧ ತಾನಾಗಿಯೇ ಮುರಿಯಿತು. ಮುಂದೆ ಬಂದವನ್ನು ಅವಳೇ ಮುರಿದಳು. ತಂದೆ ತೀರಿಕೊಂಡ ಮೇಲೆ ಧಾರವಾಡದ ಕಾಕಾನ ಮನೆ ಸೇರಿದಳು. ಮರಳಿ ಹೊರಳಿ ನೋಡುವಷ್ಟರಲ್ಲಿ ಯೌವನವೆಂಬುದು ಯಾವುದೋ ನಿಲ್ದಾಣದಲ್ಲಿ ಸದ್ದಿಲ್ಲದೆ ಇಳಿದುಹೋಗಿತ್ತು.

ಹೊಸ ಸೆಲ್ಲು ಬಿದ್ದಾಗ ಯಂತ್ರ ಬಿಕ್ಕಿದಂತೆ ಒಮ್ಮೆ ನಿಂತು, ಆಮೇಲೆ ಆ ಹಳೆಯ ರಾಗ ಹಾಡಿತು.

"ಗುಂಡಿಗಳು ಕೆಲಸಾ ಮಾಡ್ತಾವೇನ ನೋಡ್ತೇನ್ರಿ," ಎಂದು ಮಾಲತೇಶ ಆಡತೊಡಗಿದ.

ಅವಳು ನೋಡುತ್ತಿದ್ದಳು. ಮೊದಲ ಹಳ್ಳ ಬಂತು, ಅವನು ಯಾವಾಗಲೂ ಬೀಳುತ್ತಿದ್ದ ಹಳ್ಳ. ಹೆಬ್ಬೆರಳು ಅರೆಕ್ಷಣ ತಡವರಿಸಿತು, ನಾಯಕ ದಾಟಿದ. ಮುರಿದ ಸೇತುವೆ, ದಾಟಿದ. ಅವಳಿಗೂ ಎಂದೂ ದಾಟಲಾಗದಿದ್ದ ಉರಿಯುವ ಕಟ್ಟಡದೊಳಗೆ, ಮನೆಯ ಕತ್ತಲಲ್ಲಿ ನಡೆದಾಡುವವನಷ್ಟು ಸಲೀಸಾಗಿ, ಹತ್ತಿ ಇಳಿದು ಮುಂದೆ ಹೋದ.



'ಹಾಗಾದರೆ ಅಷ್ಟೂ ದಿನ...'

"ನಿನಗ ಆಡಾಕ ಬರ್ತಿತ್ತು," ಎಂದಳು. ಬಹುವಚನ ಯಾವಾಗ ಕಳಚಿಬಿದ್ದಿತೋ ಅವಳಿಗೂ ತಿಳಿಯಲಿಲ್ಲ.

ಅವನ ಬೆರಳು ನಿಂತಿತು. ನಾಯಕ ಬೆಂಕಿಗೆ ಬಿದ್ದ.

"ಬರ್ತಿತ್ತು," ಎಂದ ಮಾಲತೇಶ, ತಲೆ ಎತ್ತದೆ.

"ಮತ್ತ ಯಾಕ ಸಾಯ್ತಿದ್ದಿ?"

"ನೀ ಆಡೂವಾಗ ನಾಲಿಗಿ ತುದಿ ಹಲ್ಲಿನ್ಯಾಗ ಹಿಡಿತಿದ್ದಿ. ಅದನ್ನ ನೋಡೂದು ಛಲೋ ಇತ್ತು." ಸ್ವಲ್ಪ ತಡೆದು ಹೇಳಿದ, "ಆಟ ಏನ ಛಲೋ ಇದ್ದಿದ್ದಿಲ್ಲ ಬಿಡು."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು. ಆಮೇಲೆ ಸಿಟ್ಟು.

"ನನ್ನ ಲಗ್ನದ ಮಾತಿನ್ಯಾಗೂ ಪಾಳಿ ಬಿಟ್ಟು ಕೊಟ್ಯಾ ಮಾರಾಯಾ? ಅದನ್ನ ನಾ ಒಬ್ಬಾಕೀನ ಹೆಂಗ ಆಡ್ಲಿ?"

"ಬಿಟ್ಟುಕೊಡೂದಂದ್ರನ ಪ್ರೀತಿ ಅಂತ ತಿಳಕೊಂಡಿದ್ದೆ..." ಅವನು ಯಂತ್ರವನ್ನು ಮೇಜಿನ ಮೇಲಿಟ್ಟ. "ನೀ ಬಸ್ ಇಳದ ಮ್ಯಾಲ ಅದು ತಪ್ಪಂತ ಗೊತ್ತಾತು. ಆದ್ರ ನೀ ಅಂದ ಮಾತು ಖರೇ ಅನ್ನಿಸಿ, ಬರಾಕ ಧೈರ್ಯ ಆಗ್ಲಿಲ್ಲ."

"ನಾನೂ ಕೇಳಬೇಕಿತ್ತು. ಇಳದ ಹೋಗಬಾರದಿತ್ತು."

ಹೊರಗೆ ಬಿಸಿಲು ಇಳಿಯುತ್ತಿತ್ತು. ಮೇಜಿನ ಮೇಲಿದ್ದ ಅವಳ ಫೋನು ನಡುಗಿತು. ಕಾಕಾ.

ಅವಳು ಮಾಲತೇಶನನ್ನೇ ನೋಡಿದಳು. "ಅಮ್ಮಿನಬಾವ್ಯಾಗ ಒಂದ ಸಂಬಂಧ ನೋಡ್ಯಾರ. ಇವತ್ತ ಹೂಂ ಅನ್ಬೇಕು, ಇಲ್ಲಾ ಊಹೂಂ ಅನ್ಬೇಕು."

"ನಿನಗ ಛಲೋ ಅನ್ನಿಸಿದ್ದ..." ಎಂದು ಶುರುಮಾಡಿದವನು ನಿಲ್ಲಿಸಿದ. ಫೋನು ನಡುಗುತ್ತಲೇ ಇತ್ತು. ಅವನ ಮುಖದಲ್ಲಿ ಬೆವರೊಡೆದಿತ್ತು.

"ಬ್ಯಾಡ ಅನ್ನು ದಾಕ್ಷಾ," ಎಂದ ಕೊನೆಗೆ. "ನಾ ಮನಿಗೆ ಬಂದು ಕೇಳ್ತೇನಿ ಅನ್ನು. ಇವತ್ತ ಬರ್ತೇನಿ ಅನ್ನು."

ಆ ಮಾತಿಗಾಗಿ ಅವಳು ಎಷ್ಟೋ ಋತುಗಳ ಕಾಲ ಕಾದಿದ್ದಳು. ಅದು ಬಂದಾಗ ಹಿಗ್ಗಿಗಿಂತ ಮೊದಲು, ವ್ಯರ್ಥವಾಗಿ ಉರಿದುಹೋದ ವರ್ಷಗಳ ಸಂಕಟವೇ ಎದೆಗೆ ಬಂತು.

ಫೋನೆತ್ತಿದಳು. "ಕಾಕಾ, ಅಮ್ಮಿನಬಾವಿಯವ್ರಿಗೆ ಬ್ಯಾಡ ಅಂತ ಹೇಳಿಬಿಡ್ರಿ... ಕಾರಣ ಐತ್ರಿ. ಕರಕೊಂಡ ಬರಾಕತ್ತೇನಿ."



"ಕಾರಣ ಚಾ ಕುಡಿತೈತೋ, ಕಾಫಿನೋ?" ಎಂದ ಶಂಭುಲಿಂಗ ಕಾಕಾ. "ಹಾಲು ತರಸ್ತೇನಿ, ಲಗೂ ಬರ್ರಿ."

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಬದಿ ಸಿಕ್ಕಿತು. ಮಾಲತೇಶ ಆಡುತ್ತಿದ್ದ. ರಾಯಾಪುರ ಬಂದಾಗ ಅವಳ ಅಂಗೈ ರೂಢಿಯಿಂದ ತಾನಾಗಿ ಮುಂದೆ ಚಾಚಿಕೊಂಡಿತು.

"ಇನ್ನೂ ಸತ್ತಿಲ್ಲ," ಎಂದ ಅವನು.

ಬಸ್ಸು ರಾಯಾಪುರ ದಾಟಿತು. ಚಾಚಿದ ಅಂಗೈಯನ್ನು ಅವಳು ಅವನ ತೋಳಿನ ಮೇಲಿಟ್ಟಳು.

ಧಾರವಾಡದ ಏರು ಹತ್ತುವಾಗ ಆಟ ಮುಗಿಯಿತು. ಮೆರವಣಿಗೆಯಿಲ್ಲ, ಹಾರಾಟವಿಲ್ಲ. ಪರದೆ ಒಮ್ಮೆ ಕಪ್ಪಾಗಿ, ನಾಯಕ ಮತ್ತೆ ಮೊದಲ ಹಳ್ಳದ ಮುಂದೆ ಬಂದು ನಿಂತ.

"ಕಡೀಕೂ ಹಾರ್ಲಿಲ್ಲ ನೋಡು," ಎಂದಳು ಅವಳು.

"ಹಾರಿದ್ರ ಧಾರವಾಡ ಲಗೂ ಬಂದುಬಿಡ್ತಿತ್ತು."

"ಬರಬೇಕಿತ್ತು ಮಾಲತೇಶ... ಭಾಳ ತಡಾ ಆತು ನಮಗ."

"ಹೌದು," ಎಂದನವನು. ಯಂತ್ರವನ್ನು ಅವಳ ಕೈಯಲ್ಲಿಟ್ಟು, ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. "ಆದ್ರ ಈ ಸಲ ಬಿಡಂಗಿಲ್ಲ."