ಬಲಗಡೆಗೆ ದಾಟಿದ ಕರಡಿ

"ಅಜ್ಜಿ, ನನ್ನ ಕೊನೇ ಪುಟದ ಚಿತ್ರ ಕಾಣ್ತಿಲ್ಲ," ಎನ್ನುತ್ತ ಮಕ್ಕಳ ಪುಸ್ತಕಗಳ ಕಲಾವಿದೆ ಓಡಿಬಂದಾಗ ಗಂಟೆ ಎರಡಾಗಿತ್ತು. "ಬಯಲಲ್ಲಿ ಒಂಟಿಯಾಗಿ ಕೂತಿರೋ ಕರಡಿ. ಮೂರಕ್ಕೆ ಪ್ರೆಸ್ಸಿಗೆ ಹೋಗದಿದ್ರೆ ಈ ವರ್ಷ ಪುಸ್ತಕನೇ ಇಲ್ಲ. ಎರಡು ವರ್ಷದ ಕೆಲಸ."

ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕಿಯನ್ನು ಮಕ್ಕಳು ಅಂಟಜ್ಜಿ ಎನ್ನುತ್ತಿದ್ದರು. ಅಲ್ಲಿ ಏನು ಕಳೆದರೂ ಹುಡುಕಿಕೊಡುವವಳು ಅವಳೇ. ಪುಸ್ತಕಕ್ಕೆ ಹೊಲಿಗೆ ಹಾಕುವ ಹುಡುಗಿಗೆ ಸೂಜಿ ಎಂದೇ ಅಡ್ಡಹೆಸರು. ಮಾತು ಕಡಿಮೆ, ಕಣ್ಣು ಚುರುಕು. ಅಜ್ಜಿ ಎದ್ದಾಗ ಅವಳೂ ಎದ್ದಳು.

ಬೆಳಿಗ್ಗೆ ಕಲಾವಿದೆ ಮಕ್ಕಳಿಗೆ ಚಿತ್ರ ಕಮ್ಮಟ ನಡೆಸಿದ್ದ ಕೋಣೆಯಲ್ಲಿ, ಚಿತ್ರಗಳನ್ನು ಒಯ್ಯಲು ಬಂದ ಪ್ರೆಸ್ಸಿನವನು ಗಡಿಯಾರ ನೋಡುತ್ತ ನಿಂತಿದ್ದ. "ಇವನೇ ಗುಡಿಸಿ ಎಸೆದಿರ್ತಾನೆ," ಎಂದು ಗ್ರಂಥಾಲಯದ ಕಾವಲುಗಾರನತ್ತ ಗದ್ದ ತೋರಿಸಿದ.

"ನಾನು ಗುಡಿಸಿದ್ದು ಪೆನ್ಸಿಲ್ ಸಿಪ್ಪೆ ಸ್ವಾಮಿ. ಬುಟ್ಟಿ ಸುರೀತೀನಿ, ಒಂದೊಂದೇ ಎಣಿಸ್ಕೊಳ್ಳಿ," ಎಂದ ಕಾವಲುಗಾರ.

ಅಂಟಜ್ಜಿ ಕಲಾವಿದೆಯ ಪುಟ್ಟ ಕುರ್ಚಿಯ ಮುಂದಿದ್ದ ಹಾಳೆಯನ್ನು ಎತ್ತಿಕೊಂಡಳು. ಅದರಲ್ಲಿ ಆರು ಕಾಲಿನ ನೀಲಿ ಹಸು.

"ಇದ್ಯಾರದಮ್ಮ?"

"ಯಾವುದೋ ಮಗು ಬಿಟ್ಟುಹೋಗಿರಬೇಕು. ಹನ್ನೆರಡು ಮಕ್ಕಳಿಗೆ ಹನ್ನೆರಡು ಹಾಳೆ ಕೊಟ್ಟಿದ್ದೆ."

"ಬಾಗಿಲಲ್ಲಿ ನಾನಿದ್ದೆ," ಎಂದಳು ಸೂಜಿ ಮೆಲ್ಲಗೆ. "ಹೋಗುವಾಗ ಹನ್ನೆರಡೂ ಮಕ್ಕಳ ಕೈಲಿ ಒಂದೊಂದು ಹಾಳೆ ಇತ್ತು."

ಅಜ್ಜಿಯ ಕನ್ನಡಕ ಮೂಗಿನ ತುದಿಗೆ ಜಾರಿತು. "ಹೌದಾ? ನಿಮ್ಮ ಆಟ ಹೇಗಮ್ಮ?"

"ಎಲ್ಲರೂ ಸುತ್ತ ಕೂರ್ತೀವಿ. ನಾನು ಸೀಟಿ ಊದಿದ್ರೆ ಮುಂದಿರೋ ಹಾಳೆ ಬಲಗಡೆಯವರಿಗೆ. ಬಂದ ಹಾಳೆಗೆ ಏನಾದ್ರೂ ಸೇರಿಸಬೇಕು. ಕೊನೇ ಸೀಟಿಗೆ ಬಂದದ್ದು ಮನೆಗೆ."

"ಸೀಟಿ ಎಷ್ಟು ಸಲ ಆಯ್ತೇ, ಸೂಜಿ?"

"ಐದು."

ಅಂಟಜ್ಜಿ ಎಲ್ಲರನ್ನೂ ಮಕ್ಕಳ ಕುರ್ಚಿಗಳಲ್ಲೇ ಕೂರಿಸಿದಳು. "ಕರಡಿ ಸಾಗಿಸಿದವರು ಇಲ್ಲೇ ಇದ್ದಾರೆ," ಎಂದಾಗ ಪ್ರೆಸ್ಸಿನವನು ಕಾವಲುಗಾರನನ್ನು ದುರುಗುಟ್ಟಿ ನೋಡಿದ. ಅಜ್ಜಿಯ ಬೆರಳು ಕಲಾವಿದೆಯತ್ತ ತಿರುಗಿತು.

"ಕೊಟ್ಟದ್ದು ಹನ್ನೆರಡು. ಹೊರಗೆ ಹೋದದ್ದು ಹನ್ನೆರಡು. ಆದ್ರೂ ಇಲ್ಲೊಂದು ಹಸು ಉಳಿದಿದೆ. ಅಂದ್ರೆ ಸುತ್ತಿನಲ್ಲಿ ಹದಿಮೂರು ಓಡಾಡಿವೆ. ಹದಿಮೂರನೇದು ಯಾರ ಮುಂದಿತ್ತು?"

ಕಲಾವಿದೆ ಹಣೆ ಚಚ್ಚಿಕೊಂಡಳು. "ಕರಡಿ ತೋರಿಸಿ ಮುಂದೇ ಇಟ್ಕೊಂಡಿದ್ದೆ. ದಾಟಿಸೋದು ಹೀಗೆ ಅಂತ ಮಕ್ಕಳ ಮುಖ ನೋಡ್ತಾ ನಾನೇ ಮೊದಲು ಅದನ್ನ ದಾಟಿಸಿಬಿಟ್ಟೆ. ಆಮೇಲೂ ಬಂದದ್ದನ್ನೆಲ್ಲ ನೋಡದೇ ದಾಟಿಸ್ತಾ ಹೋದೆ."

"ಐದು ಸೀಟಿಗೆ ಬಲಗಡೆ ಐದನೇ ಮಗು. ಯಾರೇ ಅದು?"

"ಬೇಕರಿಯವರ ಮಗಳು," ಎಂದಳು ಸೂಜಿ. "ಮುಂದಿನ ಹಲ್ಲು ಬಿದ್ದಿರೋಳು."

ಮಾತು ಮುಗಿಯುವ ಮೊದಲೇ ಕಾವಲುಗಾರ ಸೈಕಲ್ ಏರಿದ್ದ. ಬೇಕರಿಯ ಹುಡುಗಿ ಅವನ ಹಿಂದೆ ಕೂತು, ಹಾಳೆಯನ್ನು ಎದೆಗವಚಿಕೊಂಡೇ ಬಂದಳು. ಕರಡಿಯ ತಲೆ ಮೇಲೆ ಕೊಡೆ, ಕಾಲಿಗೆ ಕೆಂಪು ಸಾಕ್ಸು, ಭುಜದ ಮೇಲೆ ಕೋಳಿ, ಪಕ್ಕದಲ್ಲಿ ಅದರಷ್ಟೇ ದೊಡ್ಡ ಬಸವನಹುಳು.

ಕಲಾವಿದೆ ನೋಡಿದಳು, ಮತ್ತೆ ನೋಡಿದಳು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಈ ಕರಡಿ ಯಾಕಿಷ್ಟು ಸಪ್ಪಗಿದೆ ಅಂತ ಎಷ್ಟು ತಲೆ ಕೆಡಿಸ್ಕೊಂಡಿದ್ದೆ. ಕೊಡು ಪುಟ್ಟಿ, ಹೀಗೇ ಅಚ್ಚಾಗಲಿ."

"ಕೊಡಲ್ಲ," ಎಂದಳು ಪುಟ್ಟಿ. "ನಾಲ್ಕು ಜನ ಬರೆದರು. ನನ್ನ ಸರದಿ ಬರ್ಲೇ ಇಲ್ಲ."

ಮೂರಕ್ಕೆ ಹತ್ತು ನಿಮಿಷವಿತ್ತು. ಕಲಾವಿದೆ ಕುಂಚ ಅದ್ದಿ ಅವಳ ಕೈಗಿತ್ತಳು. ಪ್ರೆಸ್ಸಿನವನು ಮಂಡಿ ಗದ್ದಕ್ಕೆ ತಾಗುವಂತೆ ಪಕ್ಕದಲ್ಲೇ ಕೂತ.

"ಬೇಗ ಬರೆಯಮ್ಮ," ಎಂದ. ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ಆ ಕೋಳಿಗೊಂದು ಟೋಪಿ ಹಾಕಿದ್ರೆ ಹೇಗೆ?"