ಗುಲಾಬಿ ಸೋಂಪಿನ ರಸ್ಕು

"ದೋಣಿಯಲ್ಲಿ ಇನ್ನೆರಡು ಜಾಗ ಇದೆಯಾ?"

ಆ ದನಿ ಕೇಳಿದ್ದೇ ತಡ, ಮಾರಿಟ್ ಕೈಯಲ್ಲಿದ್ದ ಹಗ್ಗ ಜಾರಿ ಕಾಲುವೆಗೆ ಬಿತ್ತು.

ತಲೆ ಎತ್ತಬಾರದು ಅಂದುಕೊಂಡಳು. ಎತ್ತಿಯೇಬಿಟ್ಟಳು. ದಡದ ಮೇಲೆ ರೂಲೊಫ್ ನಿಂತಿದ್ದ! ಅದೇ ಕೆದರಿದ ಕೂದಲು, ಮರಗೆಲಸ ಮಾಡಿ ಮಾಡಿ ಒರಟಾದ ಅದೇ ಕೈಗಳು. ಎರಡು ವರ್ಷದ ಹಿಂದೆ ಅವಳು ಬಿಟ್ಟುಬಂದ ಮನುಷ್ಯ. ಅವನ ತೋಳು ಹಿಡಿದು ಗುಂಡುಗುಂಡಾದ ಒಬ್ಬ ಮುದುಕಿ, ಮುದುಕಿಯ ಕೈಯಲ್ಲಿ ಉಬ್ಬಿದ ಚೀಲ.

'ಇಲ್ಲ ಅಂದುಬಿಡು... ಜಾಗ ಇಲ್ಲ ಅಂದುಬಿಡು!' ಎಂದಿತು ಮನಸ್ಸು.

"ಇದೆ, ಬನ್ನಿ," ಎಂದಿತು ಬಾಯಿ. ಮನಸ್ಸು ಬಾಯಿ ಎರಡೂ ಒಂದೇ ಮಾತಾಡಿದ್ದರೆ ಈ ಲೋಕದಲ್ಲಿ ಅರ್ಧ ಕಥೆಗಳು ಹುಟ್ಟುತ್ತಲೇ ಇರಲಿಲ್ಲ.

ಅಕ್ಟೋಬರಿನ ಸಂಜೆ. ಆಮ್‌ಸ್ಟರ್‌ಡ್ಯಾಮಿನ ಸೇತುವೆಗಳಿಗೆಲ್ಲ ಆಗಲೇ ದೀಪ ಹತ್ತಿತ್ತು. ಸಂಜೆಯ ಆ ಸಣ್ಣ ದೋಣಿಗೆ ಮಾರಿಟ್‌ಳೇ ಚಾಲಕಿ, ಮಾರಿಟ್‌ಳೇ ಕಥೆಗಾರ್ತಿ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಮೈಕು.

ದೋಣಿ ದಡ ಬಿಟ್ಟಿತ್ತೋ ಇಲ್ಲವೋ, ಮುದುಕಿ ಚೀಲ ಬಿಚ್ಚಿ ತೊಡೆಯ ಮೇಲೆ ಅಂಗಡಿಯನ್ನೇ ಹರಡಿದಳು. ಒಂದು ಪೊಟ್ಟಣ ದುಂಡು ರಸ್ಕು, ಬೆಣ್ಣೆ ಡಬ್ಬಿ, ಚಾಕು. ಕೊನೆಗೆ ಸಕ್ಕರೆ ಲೇಪಿಸಿದ ಸೋಂಪು ಕಾಳು... ಗುಲಾಬಿ, ಬಿಳಿ.

"ಮನೇಲೇ ಸವರಿ ತಂದ್ರೆ ಮೆತ್ತಗಾಗಿ ಹೋಗುತ್ತೆ ಕಣಪ್ಪ! ಲೋ ರೂಲೊಫ್, ನಾನು ಸವರ್ತೀನಿ, ನೀನು ಹಂಚು!"

ಮಾರಿಟ್ ಕಣ್ಣು ಆ ಗುಲಾಬಿ ಕಾಳಿನ ಮೇಲೇ ನಿಂತಿತು.

ಆ ರಸ್ಕಿನ ಅರ್ಥ ಈ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಮನೆಯಲ್ಲಿ ಮಗು ಹುಟ್ಟಿದೆ. ಗುಲಾಬಿ ಅಂದರೆ ಹೆಣ್ಣು ಮಗು.

"ಅಭಿನಂದನೆ ಅಜ್ಜಿ! ಅಭಿನಂದನೆ ರೂಲೊಫ್!" ದೋಣಿಯೆಲ್ಲ ಗಲಗಲ ಎಂದಿತು. ರೂಲೊಫ್ ತಲೆ ಬಗ್ಗಿಸಿ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳುತ್ತಾ, ರಸ್ಕು ಕೊಡುತ್ತಾ ಚುಕ್ಕಾಣಿಯ ಹತ್ತಿರ ಬಂದ.

"ತಗೋ, ಮಾರಿಟ್..."

ಬೇಡ ಅನ್ನುವಂತಿಲ್ಲ. ಮಗುವಿನ ರಸ್ಕನ್ನು ಶತ್ರುವೂ ಬೇಡ ಅನ್ನುವುದಿಲ್ಲ. ಅವಳು ಕೈ ಚಾಚಿದಳು.

"ಅಭಿನಂದನೆ, ರೂಲೊಫ್."

"ಥ್ಯಾಂಕ್ಸ್."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಮೈಕು ಎತ್ತಿಕೊಂಡಳು.

"ಎಡಗಡೆ ನೋಡಿ, ಈ ಮನೆಗಳು ಹೇಗೆ ವಾಲಿಕೊಂಡಿವೆ! ಹೆದರಬೇಡಿ. ಬೀಳೋದಿದ್ರೆ ನಮ್ಮ ಮುತ್ತಜ್ಜನ ಕಾಲಕ್ಕೇ ಬೀಳ್ತಿದ್ವು..."

ಜನ ನಕ್ಕರು. ಅವಳು ರಸ್ಕನ್ನು ಚುಕ್ಕಾಣಿಯ ಪಕ್ಕಕ್ಕಿಟ್ಟಳು.

ಎರಡು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲೂ ಒಂದು ಹೆಣ್ಣು ಮಗು ಇತ್ತು. ಆರನೇ ತಿಂಗಳಿಗೆ ಅದರ ಎದೆಬಡಿತ ನಿಂತುಹೋಯಿತು. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ರೂಲೊಫ್ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆಯೇ ಉಳಿ ಸುತ್ತಿಗೆಯ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಹೋದ!

'ಇವನು ಮನುಷ್ಯನಲ್ಲ, ಕಲ್ಲು!' ಅಂದುಕೊಂಡು ಅವಳು ಮನೆ ಬಿಟ್ಟಳು. ಆದರೂ ಈ ಹೆಣ್ಣಿನ ಹುಚ್ಚು ನೋಡಿ... ಒಂದಲ್ಲ ಒಂದು ದಿನ ಅವನು ಬಂದು ಕರೆದಾನು ಎಂದು ಎರಡು ವರ್ಷ ಒಳಗೊಳಗೇ ಕಾದಿದ್ದಳು. ಈಗ ಬಂದಿದ್ದಾನೆ. ಇನ್ನೊಬ್ಬಳು ಹೆತ್ತ ಮಗುವಿನ ರಸ್ಕು ಹಿಡಿದುಕೊಂಡು. ಇನ್ನು ಕಾಯುವುದಕ್ಕೂ ಏನೂ ಉಳಿಯಲಿಲ್ಲ.

ದೋಣಿ ತಿರುವಿಗೆ ಬಂತು. ಮುಂದೆ ಅವರಿಬ್ಬರು ಬಾಳಿದ ಮನೆ. ಅಲ್ಲಿಗೆ ಬಂದಾಗಲೆಲ್ಲ ಅವಳು ತಪ್ಪದೆ "ಬಲಕ್ಕೆ ನೋಡಿ" ಅನ್ನುತ್ತಿದ್ದಳು. ತಾನೂ ಬಲಕ್ಕೇ ನೋಡುತ್ತಿದ್ದಳು. ಈ ಊರಿನವರು ಕಿಟಕಿಗೆ ಪರದೆ ಎಳೆಯುವವರಲ್ಲ. ಎಡಕ್ಕೆ ತಿರುಗಿದರೆ ಅವನ ಬದುಕೆಲ್ಲ ಕಂಡುಬಿಡುತ್ತದೆ.

"ಬಲಕ್ಕೆ..." ಎಂದಳು. ಕಣ್ಣು ಮಾತು ಕೇಳಲಿಲ್ಲ.

ದೀಪದ ಬೆಳಕಿನ ಕಿಟಕಿ. ಕಿಟಕಿಯಲ್ಲಿ ಒಂದು ಮರದ ತೊಟ್ಟಿಲು! ತಲೆಯ ಕಡೆ ಕೆತ್ತಿದ ಬಾತುಕೋಳಿ. ಆ ಬಾತುಕೋಳಿಯನ್ನು ಬಸುರಿಯಾಗಿದ್ದಾಗ ಅವಳೇ ಬರೆದುಕೊಟ್ಟಿದ್ದಳು.

'ನನ್ನ ಮಗಳ ತೊಟ್ಟಿಲು... ಅದರಲ್ಲಿ ಬೇರೆಯವಳ ಮಗುವನ್ನು ಮಲಗಿಸಿದೆಯಾ ರೂಲೊಫ್?!'

ಧಡ್! ದೋಣಿಯ ಮೂತಿ ಸೇತುವೆಯ ಕಲ್ಲಿಗೆ ತಾಗಿತು. ಜನ ಹೋ ಎಂದರು. ಅವಳು ಚುಕ್ಕಾಣಿ ತಿರುಗಿಸಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

ಮುದುಕಿ ತೂರಾಡುತ್ತಾ ಬಂದು ಅವಳ ಪಕ್ಕದಲ್ಲಿ ಕುಳಿತಳು. "ಯಾಕಮ್ಮ ಅಳ್ತಿದ್ದೀಯ? ಕಲ್ಲಿಗೆ ತಾನೇ ತಾಗಿದ್ದು, ಅದಕ್ಕೇನು ನೋವಾಗಲ್ಲ ಬಿಡು. ತಿನ್ನು ಆ ರಸ್ಕು!"

"ಆಮೇಲೆ ತಿಂತೀನಿ ಅಜ್ಜಿ. ನಿಮ್ಮ... ನಿಮ್ಮ ಮೊಮ್ಮಗಳು ಹೇಗಿದ್ದಾಳೆ?"

"ಬೆಣ್ಣೆ ಮುದ್ದೆ ಕಣೇ! ಅವಳನ್ನ ನೋಡೋಕೇ ಎಷ್ಟೋ ವರ್ಷದ ಮೇಲೆ ಅಷ್ಟು ದೂರದಿಂದ ಈ ಊರಿಗೆ ಬಂದೆ. ನನ್ನ ಹೆಸರು ಗೆಸಿನಾ. ನಾನು ಇವನ ಸೋದರತ್ತೆ. ಇವನ ತಂಗಿ ಲಿಡ್ವಿನ್ ಹೆತ್ತಿದ್ದಾಳೆ. ಇವನಿಗೆಲ್ಲಿ ಬರಬೇಕು ಆ ಭಾಗ್ಯ? ಒಂಟಿ ಗೂಬೆ!"

ತಂಗಿ!

ಹೌದಲ್ಲ... ಮಗು ಹುಟ್ಟಿದರೆ ಇಲ್ಲಿ ಅಜ್ಜಿಗೂ ಅಭಿನಂದನೆ, ಮಾವನಿಗೂ ಅಭಿನಂದನೆ, ಪಕ್ಕದ ಮನೆಯವರಿಗೂ ಅಭಿನಂದನೆ. ಎಲ್ಲರೂ ಥ್ಯಾಂಕ್ಸ್ ಅನ್ನುತ್ತಾರೆ. ಹುಟ್ಟಿದಾಗಿನಿಂದ ಕಂಡ ಪದ್ಧತಿ. ಆದರೆ ಹೊಟ್ಟೆಗೆ ಬೆಂಕಿ ಬಿದ್ದಾಗ ಪದ್ಧತಿ ಯಾರಿಗೆ ನೆನಪಾಗುತ್ತದೆ?

"ಮತ್ತೆ ಆ... ಆ ತೊಟ್ಟಿಲು?"

"ನೋಡಿದೆಯಾ! ಲಿಡ್ವಿನ್ ಕೇಳಿದ್ರೆ ಮೊಂಡ ಕೊಡಲೇ ಇಲ್ಲ. ಬೇರೆ ಮಾಡಿಕೊಟ್ಟ. ಅದು ಖಾಲಿ ತೊಟ್ಟಿಲು ಕಣಮ್ಮ. ದಿನಾ ಧೂಳು ಒರೆಸ್ತಾನೆ." ಮುದುಕಿಯ ದನಿ ತಗ್ಗಿತು. "ಒಂದು ಮಗು ಹೋಯ್ತಂತೆ. ಅದರ ಹಿಂದೇನೇ ಹೆಂಡ್ತಿನೂ ಹೋದಳಂತೆ."

ಮಾರಿಟ್ ಮೈಕು ಕೆಳಗಿಟ್ಟು ದೋಣಿಯನ್ನು ದಡದ ಕಡೆ ತಿರುಗಿಸಿದಳು.

ದೋಣಿ ದಡ ಸೇರಿತು. ಜನ ಇಳಿದರು. ಗೆಸಿನಾ ಅತ್ತೆ "ನಂಗೆ ಕಾಫಿ ಬೇಕಪ್ಪ" ಎಂದು ಎದುರಿನ ಅಂಗಡಿಗೆ ನಡೆದಳು. ರೂಲೊಫ್ ಇಳಿಯಲಿಲ್ಲ.

"ಮೂರು ದೋಣಿ ಖಾಲಿ ಇದ್ವು," ಎಂದ ಮೆಲ್ಲಗೆ. "ನಿನ್ನದಕ್ಕೇ ಕಾದೆ. ಒಬ್ಬನೇ ಬರೋಕೆ ಧೈರ್ಯ ಸಾಲಲಿಲ್ಲ, ಅತ್ತೇನ ಕರ್ಕೊಂಡು ಬಂದೆ."

"ಆ ಬೆಳಿಗ್ಗೆ ಯಾಕೆ ಕೆಲಸಕ್ಕೆ ಹೋದೆ ರೂಲೊಫ್?" ಎರಡು ವರ್ಷದಿಂದ ಕೇಳದೆ ಉಳಿದಿದ್ದ ಮಾತು! "ನಾನು ಹಾಗೆ ಬಿದ್ದಿದ್ದಾಗ... ನಿನಗೆ ಹೇಗೆ ಮನಸ್ಸು ಬಂತು?"

ಅವನು ತನ್ನ ಕೈಗಳನ್ನು ನೋಡಿಕೊಂಡ.

"ಕೆಲಸಕ್ಕಲ್ಲ. ತೊಟ್ಟಿಲಿನ ಒಂದು ಬದಿ ಬಾಕಿ ಇತ್ತು, ನೆನಪಿದೆಯಾ? ಅರ್ಧಕ್ಕೆ ಬಿಡೋಕೆ ಆಗಲಿಲ್ಲ ಮಾರಿಟ್. ನನ್ನ ಮಗಳಿಗೆ ಅಂತ ನಾನು ಮಾಡಬಹುದಾಗಿದ್ದು ಅದೊಂದೇ. ವರ್ಕ್‌ಶಾಪಲ್ಲಿ ಕೂತು ಅಳ್ತಾ ಅಳ್ತಾ ಕೆತ್ತಿದೆ... ಸಂಜೆ ತಂದು ತೋರಿಸೋಣ ಅಂದುಕೊಂಡೆ. ನೀನು ಗೋಡೆ ಕಡೆ ತಿರುಗಿದ್ದೆ. ಖಾಲಿ ತೊಟ್ಟಿಲು ನೋಡಿದ್ರೆ ನಿನ್ನ ಜೀವವೇ ಹೋಗುತ್ತೆ ಅಂತ ಬಾಯಿ ಕಟ್ಟಿಹೋಯ್ತು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕಲ್ಲು ಅಂದುಕೊಂಡಿದ್ದಳಲ್ಲ!

"ನೀನು ಹೋದ ಮೇಲೆ ಕಿಟಕಿಯಲ್ಲಿಟ್ಟೆ. ದಿನಾ ಸಂಜೆ ನಿನ್ನ ದೋಣಿ ಹೋಗುತ್ತಲ್ಲ, ಒಂದು ಸಲನಾದ್ರೂ ನೋಡ್ತೀಯ ಅಂತ. ನೀನೋ, 'ಬಲಕ್ಕೆ ನೋಡಿ' ಅಂತೀಯ. ಏನಿದೆ ಅಲ್ಲಿ ಬಲಕ್ಕೆ? ನಾಲ್ಕು ತುಕ್ಕು ಹಿಡಿದ ಸೈಕಲ್ಲು!"

ಅಳುವಿನ ನಡುವೆ ಅವಳಿಗೆ ನಗು ಬಂತು. ನಗು ಮತ್ತೆ ಅಳುವಾಯಿತು.

"ನಾನು ನಿನ್ನದೇ ಮಗು ಅಂದುಕೊಂಡೆ. ತಪ್ಪು ತಿಳಿದು ಅಭಿನಂದನೆ ಹೇಳಿದೆ."

"ತಪ್ಪಲ್ಲ." ಅವನು ಅವಳತ್ತ ತಿರುಗಿದ. "ಆವತ್ತು ಎಲ್ಲರೂ ಅಯ್ಯೋ ಪಾಪ ಅಂದ್ರು. ಅಪ್ಪ ಆದೆ ಅಂತ ಯಾರೂ ಅನ್ನಲಿಲ್ಲ ಮಾರಿಟ್. ನಮ್ಮ ಮಗಳ ಹೆಸರಲ್ಲಿ ಯಾರೂ ಒಂದು ರಸ್ಕೂ ಹಂಚಲಿಲ್ಲ."

ಚುಕ್ಕಾಣಿಯ ಪಕ್ಕದಲ್ಲಿ ಅವಳು ತಿನ್ನದೆ ಇಟ್ಟ ರಸ್ಕು ಹಾಗೆಯೇ ಇತ್ತು. ಆಗಲೇ ಮೆತ್ತಗಾಗಿತ್ತು. ಅವಳು ಅದನ್ನು ಎತ್ತಿಕೊಂಡು ಎರಡು ತುಂಡು ಮಾಡಿದಳು. ಒಂದನ್ನು ಅವನ ಕೈಗಿಟ್ಟಳು.

"ಅಭಿನಂದನೆ, ರೂಲೊಫ್. ನಮಗೆ ಹೆಣ್ಣು ಮಗು."

ಆಗ ಅವನು ಅತ್ತುಬಿಟ್ಟ! ಎರಡು ವರ್ಷದ ಅಳು, ಭುಜ ಕುಲುಕಿಸುವ ಅಳು.

"ಅಭಿನಂದನೆ... ಮಾರಿಟ್."

ಇಬ್ಬರೂ ತಿಂದರು. ಸಿಹಿ ಸೋಂಪಿಗೆ ಕಣ್ಣೀರಿನ ಉಪ್ಪು ಬೆರೆತಿತ್ತು.

"ನಾಳೆ ಸಂಜೆ ಎಡಕ್ಕೆ ನೋಡ್ತೀಯಾ?" ಅವನು ಕೇಳಿದ.

"ಇಷ್ಟು ದೂರದಿಂದ ನೋಡಿದ್ದು ಸಾಕು," ಅವಳು ಒದ್ದೆ ಹಗ್ಗದ ತುದಿ ಅವನಿಗೆ ಕೊಟ್ಟಳು. "ಗಟ್ಟಿಯಾಗಿ ಕಟ್ಟು. ಮನೆಗೆ ಬಂದು ಆ ತೊಟ್ಟಿಲನ್ನ ಒಂದು ಸಲ ತೂಗಬೇಕು ನಾನು."